ದ್ವಾದಶಿಯ ಎರಡು ಗುಳಿಗೆ

ತುಳಸಾಬಾಯಿಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಗದಗಿನ ಆ ಕಾಲೇಜಿನಲ್ಲಿ ಜವಾನನಿಂದ ಪ್ರಿನ್ಸಿಪಾಲರವರೆಗೆ ಎಲ್ಲರೂ ಹೇಳುತ್ತಿದ್ದರು. ಸುಳ್ಳೇನಲ್ಲ. ಆಕೆ ರಸಾಯನಶಾಸ್ತ್ರದ ಅಧ್ಯಾಪಕಿ. ಬಾಟಲಿಯ ಮೇಲಿನ ಚೀಟಿ ಓದದೆ ಆಸಿಡ್ ಸುರಿದವರಿಗೆ ಬೀಳುತ್ತಿದ್ದ ಬೈಗುಳ ಹೊರಗಿನ ಬೇವಿನಕಟ್ಟೆಗೂ ಕೇಳಿಸುತ್ತಿತ್ತು. ಗೊತ್ತಾಗಲು ದಾರಿಯೇ ಇಲ್ಲದೆ ತಪ್ಪಿದವರನ್ನು ಆಕೆ ಬಿಟ್ಟುಬಿಡುತ್ತಿದ್ದಳು. ಚೀಟಿ ಕಣ್ಣೆದುರು ಇದ್ದೂ ಓದದವರನ್ನು ಮಾತ್ರ ಜನ್ಮಕ್ಕೆ ಮರೆಯದಂತೆ ಝಾಡಿಸುತ್ತಿದ್ದಳು. ಈ ಎರಡು ಜಾತಿಯ ತಪ್ಪುಗಳ ಅಂತರವನ್ನು ಆಕೆ ಪುಸ್ತಕದಿಂದ ಕಲಿತಿರಲಿಲ್ಲ, ತಮ್ಮ ದತ್ತಾತ್ರಿಯ ಸಾವಿನಿಂದ ಕಲಿತಿದ್ದಳು.

೧೯೭೬ರ ಮಾತು. ಆ ವರ್ಷ ಮಲೇರಿಯಾ ಊರೂರು ಹೊಕ್ಕಿತ್ತು. ದತ್ತಾತ್ರಿಗೆ ಮುಂಡರಗಿಯಲ್ಲಿ ಮಾಸ್ತರಿಕೆ ಸಿಕ್ಕು ಇನ್ನೂ ವರ್ಷ ತುಂಬಿರಲಿಲ್ಲ. ರವಿವಾರ ಬಂತೆಂದರೆ ಗೆಳೆಯರನ್ನು ಕಟ್ಟಿಕೊಂಡು ಸಿಂಗಟಾಲೂರಿಗೆ ಹೋಗಿ, ಹೊಳೆಯಲ್ಲಿ ಈಜಿ, ದಂಡೆಯ ಮೇಲೇ ಮಲಗಿ ಬರುವ ಹುಚ್ಚು ಅವನಿಗೆ. ದೀಪಾವಳಿಗೆಂದು ಲಕ್ಷ್ಮೇಶ್ವರದ ಮನೆಗೆ ಬಂದವನು ಎಣ್ಣೆಸ್ನಾನದ ಹೊತ್ತಿಗೆ ಹಲ್ಲು ಕಟಕಟಿಸುತ್ತ ಕೌದಿ ಹೊದ್ದು ಬಿದ್ದುಕೊಂಡ. ಮಲೇರಿಯಾ ಕಾರ್ಯಕರ್ತ ಸಂಗಪ್ಪ ಬಂದು ಬೆರಳು ಚುಚ್ಚಿ, ಗಾಜಿನ ಪಟ್ಟಿಯ ಮೇಲೆ ರಕ್ತ ತೆಗೆದುಕೊಂಡು, ಜ್ವರದ ಗುಳಿಗೆ ಕೊಟ್ಟು ಹೋದ. ಜ್ವರ ಬಿಟ್ಟಿತು. ಕೆಲವು ದಿನ ಕಳೆದು ಅವನು ಮತ್ತೆ ಬಂದಾಗ ಕೈಯಲ್ಲಿ ಬೇರೆ ಗುಳಿಗೆಯ ಪೊಟ್ಟಣವಿತ್ತು. ರಕ್ತದಲ್ಲಿ ರೋಗಾಣು ಕಂಡಿತ್ತು. ಅದು ಪಿತ್ತಜನಕಾಂಗದಲ್ಲಿ ಅಡಗಿ ಕೂತು ಮತ್ತೆ ಏಳದಂತೆ ಮಾಡುವ ಗುಳಿಗೆ ಇದು, ಹೆಸರು ಪ್ರೈಮಾಕ್ವಿನ್.

“ಐದು ದಿನ, ದಿನಾ ಒಂದೊಂದು ಕೊಡ್ರಿ ಅಮ್ಮಾರ,” ಎಂದು ಸಂಗಪ್ಪ ದತ್ತಾತ್ರಿಯ ತಾಯಿ ತಾರಾಬಾಯಿಗೆ ಹೇಳಿದ. “ಜ್ವರಾ ಬಿಟ್ಟೈತಂತ ನಡುವ ಕೈ ಬಿಡಬ್ಯಾಡ್ರಿ ಮತ್ತ. ಪೂರ್ತಿ ಆಗಬೇಕ. ಇಲ್ಲಂದ್ರ ಹೊಳ್ಳಿ ಬರತೈತಿ ಅದು.”

ಪೂರ್ತಿ ಆಗಬೇಕು ಎಂಬುದಷ್ಟೇ ತಾರಾಬಾಯಿಯ ಮನಸ್ಸಿನಲ್ಲಿ ನಿಂತಿತು. ಮೂರನೆಯ ದಿನ ಕಾರ್ತಿಕ ಏಕಾದಶಿ. ಅವರ ಮನೆಯಲ್ಲಿ ಏಕಾದಶಿಯೆಂದರೆ ನೀರೂ ಇಲ್ಲ. ರೋಗಿಗಳಿಗೆ ಶಾಸ್ತ್ರದಲ್ಲಿ ರಿಯಾಯಿತಿ ಉಂಟು, ಅದು ಆಕೆಗೂ ಗೊತ್ತಿತ್ತು. ಆದರೂ ಕೇಳಬೇಕಲ್ಲ. ಕೇಳಬೇಕಾದದ್ದು ಗಂಡ ಪಾಂಡುರಂಗಾಚಾರ್ಯರನ್ನಲ್ಲ. ಅವರು ಗುಡಿಯ ಪೂಜೆ ಬಿಟ್ಟರೆ ಮತ್ತೊಂದಕ್ಕೆ ಬಾಯಿ ಬಿಡದ ಮನುಷ್ಯ. ಮನೆಯ ಹಿರಿಯರೆಂದರೆ ಅವರ ಅಣ್ಣ ಜಯತೀರ್ಥಾಚಾರ್ಯರು, ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು. ಮಾತು ಕೇಳುವ ರೂಢಿ ಅವರಿಗಿರಲಿಲ್ಲ, ಹೇಳುವ ರೂಢಿ ಇತ್ತು.

“ಜ್ವರಾ ಬಿಟ್ಟದಲ್ಲಾ, ಮತ್ತೇನು? ಗಟ್ಟಿಮುಟ್ಟ ಹುಡುಗ, ಒಂದು ದಿನಾ ಗುಳಿಗಿ ಬಿಟ್ರ ಏನ ಮುಳುಗತದ?” ಎಂದರು ಅವರು.

ಆ ದಿನದ ಗುಳಿಗೆ ನಿಂತಿತು. ಆದರೆ ತಪ್ಪಿದ ಜಪವನ್ನು ಮರುದಿನ ಕೂಡಿಸಿ ಮುಗಿಸುವ ಮನೆ ಅದು. ತಪ್ಪಿದ ಪೂಜೆಗೆ, ತಪ್ಪಿದ ಪಾರಾಯಣಕ್ಕೆ ಅಲ್ಲಿ ಲೆಕ್ಕ ಹೀಗೆಯೇ: ನಿನ್ನೆಯದು, ಇವತ್ತಿನದು ಕೂಡಿಸಿದರೆ ಲೋಪವಿಲ್ಲ. ದ್ವಾದಶಿಯ ಬೆಳಿಗ್ಗೆ ಉಪವಾಸ ಮುರಿಯುವ ಪಾರಣೆ ಮುಗಿದ ಮೇಲೆ ತಾರಾಬಾಯಿ ಎರಡು ಗುಳಿಗೆ ತೆಗೆದು ಮಗನ ಅಂಗೈಯಲ್ಲಿಟ್ಟಳು. ಅವನು ಎರಡನ್ನೂ ಒಟ್ಟಿಗೆ ನುಂಗಿ ನೀರು ಕುಡಿದ. ತಪ್ಪಿದ್ದು ಪೂರ್ತಿಯಾಯಿತೆಂದು ಆಕೆಗೆ ಸಮಾಧಾನವಾಯಿತು.

ಮರುದಿನ ದತ್ತಾತ್ರಿಯ ಮೂತ್ರ ಕಾಫಿಯ ಡಿಕಾಕ್ಷನ್ನಿನಂತೆ ಕಪ್ಪಾಗಿ ಹೋಯಿತು. ಸಂಜೆಗೆ ಕಣ್ಣು ಹಳದಿ. ಶಿರಹಟ್ಟಿಯ ಸರಕಾರಿ ದವಾಖಾನೆಗೆ ಕರೆದೊಯ್ದರೆ ತಡಮಾಡದೆ ಗದಗಿಗೆ ಹೋಗಿ ಎಂದರು. ಗದಗಿನಲ್ಲಿ ಜಯತೀರ್ಥಾಚಾರ್ಯರಿಗೆ ಪರಿಚಯದ ಖಾಸಗಿ ಡಾಕ್ಟರರೊಬ್ಬರಿದ್ದರು, ದೊಡ್ಡ ಹೆಸರಿನವರು. ಅವರು ಏನೇನು ಕೊಟ್ಟಿರಿ ಎಂದು ಕೇಳಿದರು. ತಾರಾಬಾಯಿ ಮುಚ್ಚುಮರೆಯಿಲ್ಲದೆ ಹೇಳಿದಳು. ಪಡಸಾಲೆಯಲ್ಲಿ ಕೂತ ರೋಗಿಗಳೆಲ್ಲ ಕೇಳುವಂತೆ ಡಾಕ್ಟರು ಕೂಗಿದರು: “ಎರಡೆರಡು ಗುಳಿಗಿ ಕೂಡೇ ಕೊಟ್ಟೀರೇನ್ರಿ? ಇದೇನು ಪ್ರಸಾದ ಅಂತ ತಿಳದೀರೇನು? ನಿಮ್ಮ ಕೈಯಾರ ಕೊಂದ್ರಿ ನೋಡ್ರಿ ಮಗನ್ನ.”

ದತ್ತಾತ್ರಿ ಆಗ ಇನ್ನೂ ಸತ್ತಿರಲಿಲ್ಲ. ಒಳಗಿನ ಮಂಚದ ಮೇಲೆ ಅವನಿಗೂ ಆ ಮಾತು ಕೇಳಿಸಿತು. ಮೂತ್ರಪಿಂಡ ಕೆಲಸ ನಿಲ್ಲಿಸಿ ಅವನು ತೀರಿಕೊಂಡ ಮೇಲೂ ತುಳಸಾಬಾಯಿಯ ಹೊಟ್ಟೆಯೊಳಗೆ ಉರಿಯುತ್ತ ಉಳಿದದ್ದು ಅದು: ತಾಯಿಯೇ ಕೊಂದಳು ಎಂದು ಕೇಳಿಸಿಕೊಂಡು ಸತ್ತನಲ್ಲ ಅವನು.

ಅಂದಿನಿಂದ ತಾರಾಬಾಯಿ ಯಾರಿಗೂ ತನ್ನ ಕೈಯಿಂದ ಗುಳಿಗೆ ಕೊಡಲಿಲ್ಲ. ಮನೆಯಲ್ಲಿ ಯಾರಿಗಾದರೂ ತಲೆನೋವು ಬಂದರೆ ಡಬ್ಬಿ ಅಲ್ಲಿದೆ ಎಂದು ಗೋಡೆಯ ಕಡೆ ಗದ್ದ ತೋರಿಸಿ, ಕೈ ಸೆರಗಿನೊಳಗೆ ಸೇರಿಸಿಕೊಳ್ಳುತ್ತಿದ್ದಳು. ಪ್ರತಿ ವರ್ಷ ಅದೇ ದ್ವಾದಶಿಗೆ ಬಳಗವೆಲ್ಲ ಜಯತೀರ್ಥಾಚಾರ್ಯರ ಮನೆಯಲ್ಲಿ ಸೇರುತ್ತಿತ್ತು. ಬೆಳಿಗ್ಗೆ ಪಾರಣೆ, ಸಂಜೆ ತುಳಸಿ ಲಗ್ನ. ಪ್ರತಿ ವರ್ಷವೂ ಎಲೆಯ ಮುಂದೆ ಕೂತು ಅವರು ಒಂದು ನಿಟ್ಟುಸಿರು ಬಿಟ್ಟು, “ತಾಯಿ ಕೈ ತಪ್ಪಿ ಹೋತು, ಯಾರನ್ನ ಏನ ಅನ್ನೋಣ,” ಎನ್ನುತ್ತಿದ್ದರು. ಉಪವಾಸ ಮಾಡಿಸಿದ್ದು ತಾವೇ ಎಂಬುದು ಅವರಿಗೆ ನೆನಪಿರಲಿಲ್ಲವೋ, ನೆನಪಿದ್ದೂ ನುಂಗಿಕೊಂಡರೋ! ತಾರಾಬಾಯಿ ಬಡಿಸುತ್ತಿದ್ದಳು. ಪಾಂಡುರಂಗಾಚಾರ್ಯರು ತಲೆ ಬಗ್ಗಿಸಿ ಉಣ್ಣುತ್ತಿದ್ದರು. ಆ ಬಗ್ಗಿದ ತಲೆ ಕಂಡಾಗ ತುಳಸಾಬಾಯಿಗೆ ದೊಡ್ಡಪ್ಪನ ಮೇಲಿಗಿಂತ ಅಪ್ಪನ ಮೇಲೇ ಹೆಚ್ಚು ಸಿಟ್ಟು ಬರುತ್ತಿತ್ತು.

ಮುಂದೆ ಆಕೆಗೆ ಗದಗಿನಲ್ಲಿ ನೌಕರಿ ಸಿಕ್ಕಿತು. ಬೆಟಗೇರಿಯಲ್ಲಿ, ಮಗ್ಗದ ಸಪ್ಪಳ ದಿನವಿಡೀ ಕೇಳುವ ಓಣಿಯಲ್ಲಿ ಒಂದು ಬಾಡಿಗೆ ಮನೆ ಹಿಡಿದು, ತಾಯಿಯನ್ನೂ ತಂಗಿ ಸುಂದರಾಬಾಯಿಯನ್ನೂ ಕರೆತಂದಳು. ಅಪ್ಪ ಗುಡಿಯ ಪೂಜೆ ಬಿಟ್ಟು ಬರಲಿಲ್ಲ. ೧೯೮೩ರಲ್ಲಿ ಒಂದು ದಿನ, ಪಾಠಕ್ಕೆಂದು ಔಷಧಗಳ ರಸಾಯನದ ಪುಸ್ತಕ ತಿರುವುತ್ತಿದ್ದಾಗ ಪ್ರೈಮಾಕ್ವಿನ್ ಎಂಬ ಹೆಸರು ಸಿಕ್ಕಿತು. ಕೆಲವರ ಕೆಂಪು ರಕ್ತಕಣಗಳಲ್ಲಿ ಒಂದು ಕಿಣ್ವ ಹುಟ್ಟಿನಿಂದಲೇ ಕಡಿಮೆ ಇರುತ್ತದೆ. ಅಂಥವರಿಗೆ ಈ ಗುಳಿಗೆ ಕೊಟ್ಟರೆ ರಕ್ತಕಣಗಳು ಒಡೆಯುತ್ತವೆ, ಮೂತ್ರ ಕಪ್ಪಾಗುತ್ತದೆ, ಕೆಲವರು ಸಾಯುತ್ತಾರೆ. ಇದು ತಿಳಿದದ್ದು ಐವತ್ತರ ದಶಕದಲ್ಲಿ! ದತ್ತಾತ್ರಿ ಸಾಯುವ ಇಪ್ಪತ್ತು ವರ್ಷ ಮೊದಲೇ ಅಚ್ಚಾಗಿ ಕೂತ ಸಂಗತಿ. ಚೀಟಿ ಕಣ್ಣೆದುರೇ ಇತ್ತು, ಓದಿದವರಿರಲಿಲ್ಲ.

ಪುಸ್ತಕ ಬಗಲಲ್ಲಿಟ್ಟುಕೊಂಡು ಆಕೆ ನೆಟ್ಟಗೆ ಆ ಡಾಕ್ಟರರ ದವಾಖಾನೆಗೆ ಹೋದಳು. ಸರದಿ ಕಾಯಲಿಲ್ಲ. ಮೇಜಿನ ಮೇಲೆ ಪುಸ್ತಕ ಬಿಚ್ಚಿಟ್ಟು, “ಓದ್ರಿ. ಜ್ವಾಕಿಲೆ ಓದ್ರಿ. ನಮ್ಮವ್ವ ಕೊಂದಳು ಅಂದ್ರಲ್ಲಾ, ಆ ದಿನಾ ನಿಮಗಿದು ಗೊತ್ತಿತ್ತೋ ಇಲ್ಲೋ?” ಎಂದಳು.

ಡಾಕ್ಟರು ಓದಿದರು. ಮುಖ ಒಂದಿಷ್ಟು ಸಪ್ಪಗಾಯಿತು. ಆಮೇಲೆ ಕನ್ನಡಕ ಏರಿಸಿಕೊಂಡು ಹೇಳಿದರು: “ಸಾವಿರಾರು ಮಂದಿ ಈ ಗುಳಿಗಿ ನುಂಗಿ ಆರಾಮ ಆಗ್ಯಾರ. ಅಲ್ಲೊಬ್ಬ ಇಲ್ಲೊಬ್ಬಗ ಹಿಂಗ ಆಗತೈತಿ. ಗುಳಿಗಿ ಏನ ಮಾಡಬೇಕು? ಮತ್ತ ಇದು ಎಲ್ಲಿಂದ ಬರತೈತಿ ಅಂತ ಓದೀರಿಲ್ಲೋ? ತಾಯಿಂದ ಗಂಡುಮಗಗ ಇಳೀತೈತಿ. ಅಂದ್ರ ದೋಷ ನಿಮ್ಮ ತಾಯಿ ರಕ್ತದಾಗ ಐತಿ ಅಂತಾತಲ್ರಿ.”

ತುಳಸಾಬಾಯಿಗೆ ಕಪಾಳಕ್ಕೆ ಹೊಡೆದಂತಾಯಿತು. ಮೊದಲು ತಾಯಿಯ ಕೈ, ಈಗ ತಾಯಿಯ ರಕ್ತ! ಕೈಯಿಂದ ತಪ್ಪಿಸಿದರೆ ರಕ್ತಕ್ಕೆ ಅಂಟಿಸುತ್ತಾರೆ. ಹೇಗೆ ತಿರುವಿದರೂ ಕಟಕಟೆಯಲ್ಲಿ ನಿಲ್ಲುವವಳು ಆಕೆಯೇ. “ನಾಚಿಕಿ ಆಗೂದಿಲ್ಲೇನ್ರಿ ನಿಮಗ?” ಎಂದು ಕೂಗಿ ಪುಸ್ತಕ ಎತ್ತಿಕೊಂಡು ಹೊರಗೆ ಬಂದಳು. ಬೆಟಗೇರಿಯವರೆಗೂ ನಡೆದೇ ಬಂದಳು. ದಾರಿಯಲ್ಲಿ ಯಾರೋ ಮಾತಾಡಿಸಿದರು, ಯಾರೆಂದು ಆಕೆಗೆ ಕಾಣಿಸಲಿಲ್ಲ.

ಡಾಕ್ಟರು ಆ ಮಾತನ್ನು ಜಯತೀರ್ಥಾಚಾರ್ಯರ ಕಿವಿಗೂ ಹಾಕಿದ್ದರು. ಸುಂದರಾಬಾಯಿಗೆ ಮುಳಗುಂದದ ಒಂದು ಮನೆತನದ ಜೊತೆ ಮಾತುಕತೆ ನಡೆದಿತ್ತು, ನಿಶ್ಚಯದ ಹೂವೀಳ್ಯವೊಂದು ಬಾಕಿ. ದೊಡ್ಡಪ್ಪ ಪ್ರಾಮಾಣಿಕರಾಗಿ ಬಿಟ್ಟರು! ಮುಳಗುಂದದವರನ್ನು ಕರೆದು, ಮುಚ್ಚಿಡಬಾರದೆಂದು, ತಾಯಿಯ ರಕ್ತದಲ್ಲಿ ದೋಷವಿದೆ, ಮಗಳಿಗೂ ಇಳಿದಿರಬಹುದು ಎಂದು ಹೇಳಿದರು. ಸಂಬಂಧ ಮುರಿಯಿತು. ಸುಂದರಾಬಾಯಿ ಒಂದು ಹನಿ ಕಣ್ಣೀರು ಹಾಕಲಿಲ್ಲ. ಬ್ಯಾಂಕಿನ ಪರೀಕ್ಷೆ ಕಟ್ಟಿ ಮುಂಡರಗಿಯಲ್ಲಿ ಕೆಲಸಕ್ಕೆ ಸೇರಿಬಿಟ್ಟಳು. ಅಳುವ ಕೆಲಸವೆಲ್ಲ ತಾರಾಬಾಯಿಗೇ ಬಿತ್ತು.

ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತ ಕೂತ ತಾರಾಬಾಯಿ ತಲೆಯೆತ್ತದೆ ಕೇಳಿದಳು: “ತುಳಸಾ, ನಾ ಅವತ್ತು ಒಂದ ಗುಳಿಗಿ ಕೊಟ್ಟಿದ್ರ ದತ್ತೂ ಉಳೀತಿದ್ನೇನು?”

ಹೌದು ಎಂದರೆ ತಾಯಿ ಸತ್ತಂತೆ. ಇಲ್ಲ ಎಂದರೆ ಸುಳ್ಳು. ಅವನ ರಕ್ತದಲ್ಲಿ ಆ ಕಿಣ್ವ ಎಷ್ಟು ಕಡಿಮೆಯಿತ್ತೋ ಯಾರೂ ಅಳೆದಿರಲಿಲ್ಲ. ಒಂದೊಂದೇ ಕೊಟ್ಟಿದ್ದರೂ ಹೋಗುತ್ತಿದ್ದನೋ, ಹೇಗೋ ತೆವಳಿ ಪಾರಾಗುತ್ತಿದ್ದನೋ. “ಗೊತ್ತಿಲ್ಲವ್ವಾ,” ಎಂದಳು ತುಳಸಾಬಾಯಿ. ತಾರಾಬಾಯಿ ಕಲ್ಲು ಆರಿಸುವುದನ್ನು ಮುಂದುವರಿಸಿದಳು. ತಾಯಿಗೆ ಒಂದು ನೆಟ್ಟಗಿನ ಉತ್ತರ ಕೊಡಲಾಗದ ಈ ವಿದ್ಯೆ ಯಾತಕ್ಕೆ ಎಂದು ಮಗಳಿಗೆ ತನ್ನ ಮೇಲೇ ಸಿಟ್ಟು ಬಂತು.

ಆ ಸಿಟ್ಟೇ ಆಕೆಯನ್ನು ಎಬ್ಬಿಸಿ ನಡೆಸಿತು. ದೋಷ ಕೈಯಲ್ಲೂ ಇಲ್ಲ, ರಕ್ತದಲ್ಲೂ ಇಲ್ಲ. ಯಾರನ್ನು ಹೊಡೆಯಬೇಕು, ಯಾರನ್ನು ಬಿಡಬೇಕು ಎಂದು ತಿಳಿಯದ ಗುಳಿಗೆಯಲ್ಲಿದೆ ಎಂದು ಆಕೆಗೆ ಅನ್ನಿಸಲು ಶುರುವಾಗಿತ್ತು. ಅನ್ನಿಸಿದರೆ ಸಾಲದು, ತೋರಿಸಬೇಕು. ಅಧ್ಯಾಪಕರಿಗೆ ಸಂಶೋಧನೆಗಾಗಿ ಸಿಗುವ ರಜೆಗೆ ಅರ್ಜಿ ಹಾಕಿ, ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಕಂಪ್ಯೂಟರ್ ಲೆಕ್ಕದಿಂದ ಮಲೇರಿಯಾ ಔಷಧಗಳನ್ನು ರೂಪಿಸುವ ಪ್ರೊಫೆಸರೊಬ್ಬರ ಕೈಕೆಳಗೆ ಸೇರಿಕೊಂಡಳು. ಕೆಲವು ತಿಂಗಳು ಅಲ್ಲಿ, ಕೆಲವು ತಿಂಗಳು ಬೆಟಗೇರಿಯಲ್ಲಿ ಎಂದು ನಾಲ್ಕು ವರ್ಷ ಓಡಾಡಿದಳು.

ಆಗಿನ ಕಂಪ್ಯೂಟರ್ ಒಂದು ಇಡೀ ಕೋಣೆ. ತಂಪು ಗಾಳಿ, ಹೊರಗೇ ಚಪ್ಪಲಿ ಬಿಡಬೇಕು, ಧೂಳು ಒಳಗೆ ಹೋಗಬಾರದು. ಇದನ್ನು ಕೇಳಿ ತಾರಾಬಾಯಿ, “ಅದಕ್ಕೂ ಮಡಿ ಅದ ಅನ್ನು,” ಎಂದಳು. ಅಷ್ಟು ವರ್ಷಗಳಲ್ಲಿ ಆಕೆ ಮಾಡಿದ ಒಂದೇ ಚೇಷ್ಟೆಯ ಮಾತು ಅದು. ಲೆಕ್ಕವನ್ನು ರಟ್ಟಿನ ಕಾರ್ಡುಗಳಲ್ಲಿ ತೂತು ಹೊಡೆದು ಕೊಡಬೇಕು. ಬೆಟಗೇರಿಯ ಮಗ್ಗಗಳ ಮೇಲೆ ಸೆರಗಿನ ಚಿತ್ತಾರಕ್ಕೆ ತೂಗುಬಿಟ್ಟ ತೂತಿನ ರಟ್ಟುಗಳನ್ನು ಕಂಡವಳಿಗೆ ಅದೇನು ಹೊಸದಲ್ಲ. ಒಂದು ತೂತು ಅತ್ತಿತ್ತಾದರೆ ಇಡೀ ಲೆಕ್ಕ ಕೆಟ್ಟು, ಸರದಿ ತಪ್ಪಿ, ವಾರಗಟ್ಟಲೆ ಕಾಯಬೇಕು.

ಕೆಲಸ ಏನೆಂದರೆ, ರೋಗಾಣುವಿಗೂ ಮನುಷ್ಯನಿಗೂ ಬದುಕಲು ಬೇಕಾದ ಒಂದು ಕಿಣ್ವ ಇದೆ; ದತ್ತಾತ್ರಿಯಲ್ಲಿ ಕಡಿಮೆಯಿದ್ದದ್ದಲ್ಲ, ಬೇರೆಯದು. ಎರಡರಲ್ಲೂ ಅದು ಮಾಡುವ ಕೆಲಸ ಒಂದೇ, ಆದರೆ ಅದರೊಳಗಿನ ಸಂದಿಯ ಆಕಾರದಲ್ಲಿ ಸ್ವಲ್ಪ ವ್ಯತ್ಯಾಸ. ಔಷಧದ ಕಣ ಆ ಸಂದಿಯಲ್ಲಿ ಗಟ್ಟಿಯಾಗಿ ಕೂತರೆ ಕಿಣ್ವ ಸ್ತಬ್ಧ. ರೋಗಾಣುವಿನ ಸಂದಿಯಲ್ಲಿ ಕೂರಬೇಕು, ಮನುಷ್ಯನ ಸಂದಿಯಲ್ಲಿ ಕೂರಬಾರದು; ಅಂಥ ಕಣ ಹುಡುಕುವುದೇ ಆಟ. ಪ್ರತಿ ಪರಮಾಣು ಎಲ್ಲಿದೆಯೆಂದು ಅಂಕಿಗಳಲ್ಲಿ ಕೊಟ್ಟರೆ, ಕಣವನ್ನು ಹೀಗೆ ತಿರುಗಿಸಿ ಹಾಗೆ ತಿರುಗಿಸಿ ಎಷ್ಟು ಗಟ್ಟಿಯಾಗಿ ಕೂರುತ್ತದೆಂದು ಕಂಪ್ಯೂಟರ್ ಹೇಳುತ್ತದೆ. ಮನುಷ್ಯನ ಬದಲು ಕೋಳಿಯ ಕಿಣ್ವದ ಅಂಕಿಗಳು ಸಿಕ್ಕಿದ್ದವು. ರೋಗಾಣುವಿನದನ್ನಂತೂ ಯಾರೂ ಕಂಡಿರಲಿಲ್ಲ. ಬ್ಯಾಕ್ಟೀರಿಯಾದ್ದನ್ನು ಮುಂದಿಟ್ಟುಕೊಂಡು ಊಹಿಸಿ ಕಟ್ಟಬೇಕು. ತುಳಸಾಬಾಯಿ ಊಹಿಸಿದಳು, ಕಟ್ಟಿದಳು, ತಪ್ಪಿತೆಂದು ಕೆಡವಿದಳು, ಮತ್ತೆ ಕಟ್ಟಿದಳು. ಬೇಡವಾದ ಅಂಕಿಗಳ ಉದ್ದುದ್ದ ಕಾಗದವನ್ನು ತಾಯಿ ಮಡಚಿ ಅಡಿಗೆಮನೆಯ ಮಾಡಕ್ಕೆ ಹಾಸಿದಳು.

ಪ್ರೊಫೆಸರರ ಜೊತೆ ಜಗಳ ಶುರುವಾದದ್ದು ಕೋಷ್ಟಕದಿಂದ. ಅವರಿಗೆ ಬೇಕಾದದ್ದು ಒಂದೇ ಸಾಲು: ಯಾವ ಕಣ ರೋಗಾಣುವನ್ನು ಎಷ್ಟು ಜೋರಾಗಿ ಹೊಡೆಯುತ್ತದೆ. ತುಳಸಾಬಾಯಿ ಪಕ್ಕದಲ್ಲಿ ಇನ್ನೊಂದು ಸಾಲು ಬರೆದಳು: ಅದೇ ಕಣ ಮನುಷ್ಯನನ್ನು ಎಷ್ಟು ಹೊಡೆಯುತ್ತದೆ. ಎರಡರ ನಡುವಿನ ಅಂತರದ ಪ್ರಕಾರ ಕಣಗಳನ್ನು ಮೇಲೆ ಕೆಳಗೆ ಮಾಡಿದಳು. ಪ್ರೊಫೆಸರರ ಮೆಚ್ಚಿನ ಕಣ ಮೊದಲ ಸ್ಥಾನದಿಂದ ಬುಡಕ್ಕೆ ಇಳಿಯಿತು.

“ಮೊದಲು ರೋಗಾಣು ಸಾಯ್ಲಿ ತುಳಸಾಬಾಯಿ. ಅಡ್ಡ ಪರಿಣಾಮ ಅನ್ನೋದನ್ನ ಆಮೇಲೆ ನೋಡ್ಕೊಳ್ಳೋಣ,” ಎಂದರು ಅವರು, ಸಮಾಧಾನದಿಂದಲೇ.

“ಆ ಆಮ್ಯಾಲೆ ಅನ್ನೂದರಾಗ ನನ್ನ ತಮ್ಮ ಸತ್ತಾನ್ರಿ ಸರ್,” ಎಂದಳು ತುಳಸಾಬಾಯಿ. “ನೀವು ಅಡ್ಡ ಪರಿಣಾಮ ಅಂತೀರಿ. ನಮ್ಮನ್ಯಾಗ ಅದಕ್ಕ ದತ್ತಾತ್ರಿ ಅಂತಾರ.”

ಪ್ರೊಫೆಸರರು ಕೆಟ್ಟವರಲ್ಲ, ಅವರ ಮುಖ ಬಾಡಿತು. ಆದರೂ ಅಚ್ಚಾಗಿ ಬಂದ ಪ್ರಬಂಧದಲ್ಲಿ ಮೊದಲ ಸಾಲು ಮುಂದಿನ ಪುಟದಲ್ಲೂ ಎರಡನೆಯದು ಯಾರೂ ತಿರುವದ ಕಡೆಯ ಪುಟದಲ್ಲೂ ಕೂತವು. ಆಕೆಯ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಬಂದ ಕಣವನ್ನು ತಯಾರಿಸಿ ನೋಡಲು ಯಾರೂ ಮುಂದೆ ಬರಲಿಲ್ಲ. ಬಡವರ ಜ್ವರಕ್ಕೆ ಹೊಸ ಗುಳಿಗೆ ಯಾರಿಗೆ ಬೇಕು! ಹೆಸರಿನ ಹಿಂದೆ ಡಾಕ್ಟರೇಟ್ ಬಂತು. ಕಾಲೇಜಿನಲ್ಲಿ ಹಾರ ಹಾಕಿದರು. ಆ ಹಾರವನ್ನು ಆಕೆ ಮನೆಯವರೆಗೂ ತರಲಿಲ್ಲ.

೧೯೮೮ರ ಕಾರ್ತಿಕ ಏಕಾದಶಿ. ಬಳಗವೆಲ್ಲ ಎಂದಿನಂತೆ ಲಕ್ಷ್ಮೇಶ್ವರದಲ್ಲಿ ಸೇರಿತ್ತು. ಮರುದಿನದ ತುಳಸಿ ಲಗ್ನಕ್ಕೆಂದು ಬಳೆಗಾರ್ತಿ ಜನ್ನತಬಿ ಬಂದು ಕಟ್ಟೆಯ ಮೇಲೆ ಬಳೆಯ ಮಲಾರ ಬಿಚ್ಚಿ ಕೂತಿದ್ದಳು. ಸುಂದರಾಬಾಯಿಯ ಕೈಗೆ ಹಸಿರು ಬಳೆ ಸರಸರ ಏರಿದವು. ಅದೇ ಅಳತೆಯ ಬಳೆ ಅಕ್ಕನ ಗಿಣ್ಣಿನ ಹತ್ತಿರ ಸಿಕ್ಕಿಕೊಂಡು ಚಟಕ್ಕನೆ ಒಡೆಯಿತು. ತುಳಸಾಬಾಯಿಯ ಕೈಯಲ್ಲಿ ರಕ್ತ ಜಿನುಗಿತು.

“ಕೈ ಸಡ್ಲ ಬಿಡಬಾರದೇನು?” ಎಂದರು ಒಳಗಿನಿಂದ ದೊಡ್ಡಮ್ಮ.

“ಕೈ ಏನ ಮಾಡೀತ್ರಿ ಅಮ್ಮಾರ,” ಎಂದು ಜನ್ನತಬಿ ಚೂರುಗಳನ್ನು ತನ್ನ ಬುಟ್ಟಿಗೆ ಹಾಕಿಕೊಂಡಳು. “ಏರಸೂವಾಗ ಒಡದದ್ದು ನಂದು. ಕೈ ನೋಡಿ ಬಳಿ ಆರಿಸೂದು ನನ್ನ ಕೆಲಸ.” ದೊಡ್ಡ ಅಳತೆಯ ಬಳೆ ತೆಗೆದು ಏರಿಸಿದಳು. ಒಡೆದ ಬಳೆಯ ದುಡ್ಡು ಕೇಳಲಿಲ್ಲ, ಯಾರೂ ಕೊಡಲೂ ಇಲ್ಲ. ಎಲ್ಲ ಊರಲ್ಲೂ ಇರುವ ರೂಢಿ ಅದು. ಅದರಲ್ಲಿ ವಿಶೇಷವೇನೂ ಇಲ್ಲವೆಂದು ತುಳಸಾಬಾಯಿಯೂ ಎದ್ದು ಹೋದಳು.

ದ್ವಾದಶಿಯ ಬೆಳಿಗ್ಗೆ ಗಂಡಸರು ಸಾಲಾಗಿ ಎಲೆಯ ಮುಂದೆ ಕೂತರು. ಹಿಂದಿನ ದಿನದಿಂದ ಗಂಟಲಿಗೆ ನೀರೂ ಇಳಿದಿರಲಿಲ್ಲ. ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ಚಟ್ನಿ ಬಂದವು. ಮಡಿಯುಟ್ಟ ತಾರಾಬಾಯಿ ಅನ್ನದ ಬೋಗುಣಿ ಹಿಡಿದು ಬಂದಳು. ಜಯತೀರ್ಥಾಚಾರ್ಯರು ಎಂದಿನಂತೆ ನಿಟ್ಟುಸಿರು ಬಿಟ್ಟರು. “ಇವತ್ತಿನ ದಿನಾನ ನೋಡ್ರಿ. ತಾಯಿ ಕೈ ತಪ್ಪಿ ಹೋತು ಅಂತಿದ್ವಿ. ಈಗ ನೋಡಿದ್ರ ರಕ್ತನ ಹಂಗಿತ್ತು. ಯಾರನ್ನ ಏನ ಅನ್ನೋಣ.”

“ಯಾರನ್ನ ಏನ ಅನಬೇಕು ಅಂತ ನಾ ಹೇಳ್ತೀನಿ ದೊಡ್ಡಪ್ಪ,” ಎಂದು ತುಳಸಾಬಾಯಿ ನಡುಮನೆಯಿಂದ ಹೊರಗೇ ಬಂದಳು. ಗಾಯವಾದ ಕೈ ಮುಂದೆ ಚಾಚಿದಳು. “ನಿನ್ನೆ ಬಳಿ ಒಡೀತು. ಆ ಬಳಿ ಯಾರ ಲೆಕ್ಕಕ್ಕ?”

“ಏರಸೂವಾಗ ಒಡದ್ರ ಬಳಿಗಾರ್ತಿ ಲೆಕ್ಕಕ್ಕ. ಈಗ್ಯಾಕದು?”

“ನನ್ನ ಕೈ ದೊಡ್ಡದದ, ಗಿಣ್ಣು ದಪ್ಪ. ನಮ್ಮವ್ವನ ಕೈ ಹಂಗ ಅದ, ಆಕಿಂದ ನನಗ ಬಂದದ. ಆದ್ರೂ ಬಳಿಗಾರ್ತಿ ಕೈಗೆ ತಪ್ಪು ಹಚ್ಚಲಿಲ್ಲಲ್ಲಾ? ಓದಲಾರದ ಹೆಣ್ಣಮಗಳಿಗೆ ಇರೂ ನ್ಯಾಯ ನಿಮಗೂ ನಿಮ್ಮ ಡಾಕ್ಟರಗೂ ಇಲ್ಲೇನು? ಕೈಗೆ ತಕ್ಕ ಬಳಿ ಹುಡುಕಬೇಕು, ರಕ್ತಕ್ಕ ತಕ್ಕ ಔಷಧ ಹುಡುಕಬೇಕು. ನಾಕು ವರ್ಷ ನಾ ಅದನ್ನ ಮಾಡೀನಿ. ಆ ಗುಳಿಗಿಗೆ ರೋಗ ಯಾವ್ದು, ಹುಡುಗ ಯಾವ್ದು ಅಂತ ಗುರುತು ಸಿಗೂದಿಲ್ಲ. ಕೊಟ್ಟವರು ರಕ್ತದಾಗ ರೋಗಾಣು ಅಷ್ಟ ನೋಡಿದ್ರು, ಆ ಕಿಣ್ವ ನೋಡಲಿಲ್ಲ. ಒಳ್ಳೆ ಔಷಧ ಅಂದ್ರ ಏನ ಗೊತ್ತೇನು? ತಾಯಿ ತಪ್ಪಿ ಎರಡು ಕೊಟ್ರೂ ಮಗ ಉಳೀಬೇಕು. ಅದು ಔಷಧ!”

ಹೆಂಗಸು ಗಂಡಸರ ಪಂಕ್ತಿಗೆ ಬಂದು ಕೂಗಾಡುವುದೇ ಎಂದು ಯಾರೋ ಗೊಣಗಿದರು. ಜಯತೀರ್ಥಾಚಾರ್ಯರು ಆಕೆಯ ಕಡೆ ನೋಡಲೂ ಇಲ್ಲ. “ಕಲಿತ ಹುಡುಗಿ, ಸಿಟ್ಟು ಬಾಳ. ಇರಲಿ. ಪಾರಣಿ ಹೊತ್ತು ಮೀರತದ, ಅನ್ನಾ ಬಡಸು ತಾರಾ,” ಎಂದರು.

ತಾರಾಬಾಯಿ ಬೋಗುಣಿಯನ್ನು ನೆಲಕ್ಕಿಟ್ಟಳು. ಸದ್ದಾಗುವಂತೆಯೇ ಇಟ್ಟಳು. ಇಷ್ಟು ವರ್ಷ ಸೆರಗಿನೊಳಗೆ ಅಡಗಿಸುತ್ತಿದ್ದ ಬಲಗೈಯನ್ನು ಎತ್ತಿ ಎಲ್ಲರಿಗೂ ಕಾಣುವ ಹಾಗೆ ಹಿಡಿದಳು.

“ಭಾವನೋರ, ಏಕಾದಶಿ ದಿನಾ ಗುಳಿಗಿ ಬಿಟ್ರ ಏನ ಮುಳುಗತದ ಅಂದವರು ನೀವು. ನಾ ಅದನ್ನ ಇವತ್ತಿನ ತನಕ ಎತ್ತಿ ಆಡಲಿಲ್ಲ. ಇದು ಮಗನ್ನ ಕೊಂದ ಕೈ ಅಂದ್ರಿ. ಕೊಂದ ಕೈ ಅಂದ್ರ, ಹನ್ನೆರಡು ವರ್ಷ, ಪ್ರತಿ ದ್ವಾದಶಿಗೂ, ಇದ ಕೈಲೆ ಬಡಸಿಕೊಂಡು ಹೆಂಗ ಉಂಡ್ರಿ?”

ಸುಂದರಾಬಾಯಿ ಬೋಗುಣಿ ಎತ್ತಲು ಮುಂದೆ ಬಂದರೆ ತಾಯಿ, “ಮುಟ್ಟಬ್ಯಾಡ,” ಎಂದಳು. “ನಾನ ಬಡಸ್ತೀನಿ. ಮೊದಲ ಅವರು ಬಾಯಿ ಬಿಟ್ಟು ಹೇಳಲಿ.”

ದ್ವಾದಶಿಯ ತಿಥಿ ಮುಗಿಯುವ ಮೊದಲೇ ಉಣ್ಣಬೇಕು, ಹೊತ್ತು ಜಾರುತ್ತಿತ್ತು. ಪಾಂಡುರಂಗಾಚಾರ್ಯರು ತಲೆಯೆತ್ತಿದರು. “ಹೇಳಿ ಬಿಡು ಅಣ್ಣಾ,” ಎಂದರು.

ಹನ್ನೆರಡು ವರ್ಷಕ್ಕೆ ಅಪ್ಪನ ಬಾಯಿಂದ ಬಂದದ್ದು ಇಷ್ಟೇ ಎಂದು ತುಳಸಾಬಾಯಿಗೆ ಮೈಯೆಲ್ಲ ಉರಿಯಿತು. ಜಯತೀರ್ಥಾಚಾರ್ಯರು ಎಲೆಯ ಮೇಲಿನ ನೆಲ್ಲಿಕಾಯಿ ಚಟ್ನಿಯನ್ನೇ ನೋಡುತ್ತ, “ನೀ ಕೊಲ್ಲಲಿಲ್ಲ ತಾಯೀ,” ಎಂದರು. ಸಣ್ಣ ದನಿ, ಆದರೂ ಎಲ್ಲರಿಗೂ ಕೇಳಿಸಿತು. ತಾರಾಬಾಯಿ ಬೋಗುಣಿ ಎತ್ತಿಕೊಂಡು ಅವರ ಎಲೆಯಿಂದಲೇ ಬಡಿಸುತ್ತ ಹೋದಳು.

ಸಂಜೆ ತುಳಸಿ ಲಗ್ನ ಮುಗಿದ ಮೇಲೆ ತುಳಸಾಬಾಯಿಗೆ ತಲೆ ಸಿಡಿಯತೊಡಗಿತು. ಸಿಟ್ಟು ಇಳಿದಿರಲಿಲ್ಲ. ಅಷ್ಟು ಸಣ್ಣ ದನಿಯ ಒಂದು ಮಾತಿಗೆ ಅಷ್ಟು ವರ್ಷ ಬೇಕಾಯಿತೇ? ಡಾಕ್ಟರು ಇನ್ನೂ ಗದಗಿನಲ್ಲಿ ದೊಡ್ಡವರೇ. ಊರೂರಲ್ಲಿ ಆ ಗುಳಿಗೆಯನ್ನು ಇನ್ನೂ ಕಿಣ್ವ ಅಳೆಯದೆಯೇ ಹಂಚುತ್ತಿದ್ದರು. ಆಕೆಯ ಎರಡನೆಯ ಸಾಲು ಇನ್ನೂ ಕಡೆಯ ಪುಟದಲ್ಲೇ ಇತ್ತು. ಕಂಬಕ್ಕೊರಗಿ ಹಣೆ ಒತ್ತಿಕೊಳ್ಳುತ್ತ ಕೂತವಳ ಮುಂದೆ ತಾರಾಬಾಯಿ ಬಂದು ನಿಂತಳು. ಒಂದು ಕೈಯಲ್ಲಿ ನೀರಿನ ತಂಬಿಗೆ, ಇನ್ನೊಂದರ ಅಂಗೈಯಲ್ಲಿ ತಲೆನೋವಿನ ಗುಳಿಗೆ. ಡಬ್ಬಿಯಿಂದ ತಾನೇ ತೆಗೆದು ತಂದಿದ್ದಳು.

“ಇದಕ್ಕಾದ್ರೂ ಗೊತ್ತಾಗತದೇನು ತುಳಸಾ, ಯಾರನ್ನ ಹೊಡೀಬೇಕು, ಯಾರನ್ನ ಬಿಡಬೇಕು ಅಂತ?”

“ಇದಕ್ಕೂ ಗೊತ್ತಾಗೂದಿಲ್ಲವ್ವಾ,” ಎಂದಳು ತುಳಸಾಬಾಯಿ. “ಆದ್ರ ಒಂದಕ್ಕ ಏನೂ ಆಗೂದಿಲ್ಲ.”

ತಾರಾಬಾಯಿ ಗುಳಿಗೆಯನ್ನು ಮಗಳ ಅಂಗೈಗೆ ಹಾಕಿದಳು. ಅದು ಒಂದೇ ಎಂದು ಬೆರಳಿನಿಂದ ಮುಟ್ಟಿ ನೋಡಿದಳು. ಮಗಳು ನುಂಗಿ ನೀರು ಕುಡಿದ ಮೇಲೂ ಅಲ್ಲಿಂದ ಹೋಗಲಿಲ್ಲ. ಎದುರಿಗೆ ಕೂತು, ಹಳದಿ ಏರುತ್ತದೇನೋ ಎಂದು ಆಕೆಯ ಕಣ್ಣಿನ ಬಿಳಿಯನ್ನೇ ನೋಡುತ್ತಿದ್ದಳು.